ಹುಟ್ಟಿನ ಋಣ, ಅಕ್ಷರದ ಋಣ

ಮನುಷ್ಯ ಹುಟ್ಟುವಾಗಲೇ ಸಾಲ ಹೊತ್ತು ಹುಟ್ಟುತ್ತಾನೆ ಎಂಬ ಮಾತು ವೇದಕಾಲದಷ್ಟು ಹಳೆಯದು. ತೈತ್ತಿರೀಯ ಸಂಹಿತೆ ಅಂಥ ಮೂರು ಸಾಲಗಳನ್ನು ಹೆಸರಿಸುತ್ತದೆ: ದೇವಋಣ, ಪಿತೃಋಣ, ಋಷಿಋಣ. ಯಜ್ಞದಿಂದ ಮೊದಲನೆಯದು ತೀರುತ್ತದೆ, ಸಂತಾನದಿಂದ ಎರಡನೆಯದು, ಬ್ರಹ್ಮಚರ್ಯದಲ್ಲಿದ್ದು ಮಾಡಿದ ಅಧ್ಯಯನದಿಂದ ಮೂರನೆಯದು. ದೇವರ ಲೆಕ್ಕ ಅವರವರ ನಂಬಿಕೆಗೆ ಬಿಟ್ಟದ್ದು. ಉಳಿದೆರಡು ಮಾತ್ರ ನಂಬುವವರಿಗೂ ನಂಬದವರಿಗೂ ತಪ್ಪಿದ್ದಲ್ಲ. ಮೈ ಹಿರಿಯರಿಂದ ಬಂತು, ತಿಳಿವಳಿಕೆಯೂ ಹಿರಿಯರಿಂದಲೇ ಬಂತು. ಆದರೆ ಎರಡೂ ಒಂದೇ ದಾರಿಯಲ್ಲಿ ಬಂದವಲ್ಲ. ಮೈ ಬರುವ ದಾರಿಯನ್ನು ಯಾರೂ ಮುಚ್ಚಲಾರರು. ವಿದ್ಯೆ ಬರುವ ದಾರಿಯನ್ನು ಮುಚ್ಚಬಹುದು, ಮುಚ್ಚಿದ್ದೂ ಉಂಟು. ಹಾಗೆ ಮುಚ್ಚಿದ್ದರಿಂದ ಉಳಿದುಹೋದ ಸಾಲವನ್ನು ಈಗ ತೀರಿಸಬೇಕಾದವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಜೀವಕೋಶದ ಒಳಗೂ ಹಳ್ಳಿಯ ರಾತ್ರಿ ಶಾಲೆಯ ಒಳಗೂ ಇಣುಕಬೇಕಾಗುತ್ತದೆ.

ಮೊದಲು ಜೀವಕೋಶ. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ಕೆಂಪು ರಕ್ತಕಣಗಳ ಕೇಂದ್ರದಿಂದ ಒಂದು ಬಗೆಯ ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಹಿಸ್ಟೋನ್ ಎಂದು ಹೆಸರಿಟ್ಟರು. ಜೀವಕೋಶದ ರಸಾಯನದ ಮೇಲೆ ಮಾಡಿದ ಕೆಲಸಕ್ಕಾಗಿ 1910ರಲ್ಲಿ ಅವರಿಗೆ ನೊಬೆಲ್ ಬಂತು. ಹಿಸ್ಟೋನ್ ಮಾಡುವ ಕೆಲಸ ಏನೆಂದು ಸ್ಪಷ್ಟವಾಗಲು ಮಾತ್ರ ಇನ್ನೂ ಬಹಳ ಕಾಲ ಹಿಡಿಯಿತು. ಮನುಷ್ಯನ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶಕೇಂದ್ರದಲ್ಲಿ ಅದು ಗೋಜಲಾಗದೆ ಕೂರುವುದು ಹಿಸ್ಟೋನ್‌ಗಳ ದೆಸೆಯಿಂದ. ಎಂಟು ಹಿಸ್ಟೋನ್‌ಗಳು ಸೇರಿ ಒಂದು ಲಾಳಿಯಾಗುತ್ತವೆ, ಆ ಲಾಳಿಗೆ ಡಿಎನ್‌ಎ ನೂಲಿನಂತೆ ಸುಮಾರು ಒಂದೂಮುಕ್ಕಾಲು ಸುತ್ತು ಸುತ್ತಿಕೊಳ್ಳುತ್ತದೆ. ಈ ಜೋಡಣೆಯನ್ನು 1974ರಲ್ಲಿ ಮುಂದಿಟ್ಟವರು ರೋಜರ್ ಕೋರ್ನ್‌ಬರ್ಗ್. 1997ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳು ಅದರ ಪರಮಾಣು ಮಟ್ಟದ ಚಿತ್ರವನ್ನೇ ಕೊಟ್ಟರು.

ತತ್ತ್ವದ ಕಡೆಯಿಂದ ನೋಡಿದರೆ ಇದಕ್ಕಿಂತ ದೊಡ್ಡ ಸುದ್ದಿ 1969ರಲ್ಲೇ ಬಂದಿತ್ತು. ಕ್ಯಾಲಿಫೋರ್ನಿಯಾದಲ್ಲಿ ಎಮಿಲ್ ಸ್ಮಿತ್, ಜೇಮ್ಸ್ ಬಾನರ್ ಮತ್ತು ಅವರ ಜೊತೆಗಾರರು ಎಚ್4 ಎಂಬ ಹಿಸ್ಟೋನನ್ನು ಎರಡು ಕಡೆಯಿಂದ ತೆಗೆದು ಹೋಲಿಸಿದರು. ಒಂದು ಕರುವಿನದು, ಇನ್ನೊಂದು ಬಟಾಣಿ ಸಸಿಯದು. ಈ ಪ್ರೋಟೀನಿನ ಸರಪಳಿಯಲ್ಲಿ 102 ಅಮೈನೋ ಆಮ್ಲಗಳಿವೆ. ಕರುವಿಗೂ ಬಟಾಣಿಗೂ ಅವುಗಳಲ್ಲಿ ವ್ಯತ್ಯಾಸ ಕಂಡದ್ದು ಎರಡೇ ಕಡೆ. ಒಂದು ಜಾಗದಲ್ಲಿ ವ್ಯಾಲೀನ್ ಬದಲು ಐಸೊಲ್ಯೂಸೀನ್, ಇನ್ನೊಂದರಲ್ಲಿ ಲೈಸೀನ್ ಬದಲು ಆರ್ಜಿನೀನ್. ಅವೂ ಗುಣದಲ್ಲಿ ಒಂದಕ್ಕೊಂದು ಹತ್ತಿರದವೇ. ಗಿಡ ಮತ್ತು ಪ್ರಾಣಿಗಳ ವಂಶಗಳು ಕವಲೊಡೆದು ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಅಷ್ಟು ಕಾಲದಲ್ಲಿ ಬೇರು, ಎಲೆ, ಕೊಂಬು, ಗೊರಸು ಎಲ್ಲವೂ ಬೇರೆಬೇರೆಯಾದವು. ಈ 102 ಮಾತ್ರ ಬಹುಮಟ್ಟಿಗೆ ಹಾಗೇ ನಿಂತವು. ಹಸುವಿನ ಎಚ್4ಗೂ ಮನುಷ್ಯನ ಎಚ್4ಗೂ ಒಂದೇ ಒಂದು ಅಮೈನೋ ಆಮ್ಲದ ಅಂತರವೂ ಇಲ್ಲ.

ಎಲ್ಲ ಪ್ರೋಟೀನುಗಳೂ ಹೀಗೆ ಅಲ್ಲಾಡದೆ ನಿಲ್ಲುವುದಿಲ್ಲ. 1971ರಲ್ಲಿ ರಿಚರ್ಡ್ ಡಿಕರ್‌ಸನ್ ಬೇರೆಬೇರೆ ಪ್ರೋಟೀನುಗಳ ಬದಲಾವಣೆಯ ವೇಗವನ್ನು ಅಕ್ಕಪಕ್ಕ ಇಟ್ಟು ನೋಡಿದರು. ರಕ್ತ ಹೆಪ್ಪುಗಟ್ಟುವಾಗ ಕತ್ತರಿಸಿ ಬಿಸಾಡಲಾಗುವ ಫೈಬ್ರಿನೋಪೆಪ್ಟೈಡ್ ತುಣುಕುಗಳು ಸರಸರನೆ ಬದಲಾಗಿದ್ದವು, ಹಿಮೋಗ್ಲೋಬಿನ್ ನಡುವೆ ಇತ್ತು, ಹಿಸ್ಟೋನ್ ಎಚ್4 ಎಲ್ಲಕ್ಕಿಂತ ಹಿಂದೆ. ವರ್ಣತಂತುವಿನ ಒಳಗಿರುವ ಪ್ರೋಟೀನುಗಳಲ್ಲೂ ಈ ಭೇದವಿದೆ. ಕೋಶ ಒಡೆಯುವಾಗ ವರ್ಣತಂತುಗಳನ್ನು ಎಳೆದೊಯ್ಯುವ ಗಂಟಿನ ಜಾಗದಲ್ಲಿ ಕೂರುವ ವಿಶೇಷ ಹಿಸ್ಟೋನ್ ಬೇಗ ಬೇಗ ಮಾರ್ಪಟ್ಟಿದೆ. ವೀರ್ಯಾಣುವಿನ ಡಿಎನ್‌ಎಯನ್ನು ಬಿಗಿದು ಕಟ್ಟುವ ಪ್ರೋಟಮೀನ್‌ಗಳಂತೂ ಇನ್ನೂ ಚುರುಕು.

ಹಾಗಾದರೆ ಎಚ್4 ಏಕೆ ನಿಂತಿತು? ಅದು ತನ್ನ ಪಾಡಿಗೆ ತಾನು ಗಟ್ಟಿಯಾಗಿರುವುದರಿಂದಲ್ಲ. ಅದರ ಮೈಯ ಬಹುಪಾಲು ಇನ್ನೊಂದನ್ನು ಮುಟ್ಟಿಕೊಂಡೇ ಇರುತ್ತದೆ. ಒಂದು ಕಡೆ ಡಿಎನ್‌ಎ, ಒಂದು ಕಡೆ ಪಕ್ಕದ ಹಿಸ್ಟೋನ್, ಹೊರಚಾಚಿದ ಬಾಲಕ್ಕೆ ಬಂದು ಹೋಗುವ ಹತ್ತಾರು ಕಿಣ್ವಗಳು. ಒಂದು ಕಡೆ ತಪ್ಪಿದರೆ ಹಲವು ಕಡೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕಾಲಕಾಲಕ್ಕೆ ಹುಟ್ಟಿದ ಬದಲಾವಣೆಗಳನ್ನು ನೈಸರ್ಗಿಕ ಆಯ್ಕೆ ಅಳಿಸುತ್ತ ಬಂದಿದೆ. ಯೀಸ್ಟ್ ಕೋಶಗಳಲ್ಲಿ ವಿಜ್ಞಾನಿಗಳು ಹಿಸ್ಟೋನಿನ ಒಂದೊಂದು ಜಾಗವನ್ನೂ ಬೇಕೆಂದೇ ಬದಲಿಸಿ ನೋಡಿದ್ದಾರೆ. ಬಹಳಷ್ಟು ಸಲ ಕೋಶ ಸಾಯಲಿಲ್ಲ. ಪ್ರಯೋಗಾಲಯದ ಕೆಲವು ದಿನಗಳಲ್ಲಿ ಕಾಣದ ನಷ್ಟ ಲಕ್ಷಾಂತರ ವರ್ಷಗಳ ಬಾಳಿನಲ್ಲಿ ಕಾಣುತ್ತದೆ ಎಂದಾಯಿತು. ಉಳಿದು ಬಂದದ್ದು ಯಾವ ವಸ್ತುವೂ ಅಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಕೋಶ ಇಬ್ಭಾಗವಾಗುವಾಗಲೆಲ್ಲ ಹಿಸ್ಟೋನ್‌ಗಳು ಹೊಸದಾಗಿ ತಯಾರಾಗುತ್ತವೆ. ನೂರು ಕೋಟಿ ವರ್ಷ ಬಾಳಿದ್ದು ಒಂದು ಕ್ರಮ, ಒಂದು ಸಂಬಂಧ. ಪಿತೃಋಣ ಎಂದು ಹಿರಿಯರು ಕರೆದದ್ದು ಮನುಷ್ಯರ ಕೆಲವು ತಲೆಮಾರುಗಳ ಲೆಕ್ಕವಾಗಿತ್ತು. ಎಚ್4 ಆ ಲೆಕ್ಕವನ್ನು ಬಟಾಣಿ ಬಳ್ಳಿಯವರೆಗೂ, ಅದರಾಚೆಯ ಏಕಕೋಶ ಜೀವಿಗಳವರೆಗೂ ಒಯ್ಯುತ್ತದೆ.

ಈ ಸಾಲಕ್ಕೆ ಒಂದು ವಿಶೇಷವಿದೆ. ಅದು ಯಾರ ಒಪ್ಪಿಗೆಯನ್ನೂ ಕೇಳದೆ ಸಂದಾಯವಾಗುತ್ತದೆ. ಮಗು ಹುಟ್ಟಿದರೆ ಸಾಕು, ಎಚ್4 ಅದಕ್ಕೆ ತಲುಪಿಯಾಯಿತು. ಅರಮನೆಯ ಮಗುವಿಗೂ ಗುಡಿಸಲಿನ ಮಗುವಿಗೂ ಅದೇ 102, ಅದೇ ಸಾಲು.

ಅಕ್ಷರ ಹಾಗಲ್ಲ.

ತಂದೆ ತಾಯಿ ಬಾಳಿನಲ್ಲಿ ಗಳಿಸಿದ್ದು ಮಕ್ಕಳ ರಕ್ತಕ್ಕೆ ಇಳಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇತ್ತು. 1880ರ ದಶಕದಲ್ಲಿ ಆಗಸ್ಟ್ ವೈಸ್‌ಮನ್ ಅದನ್ನು ನೇರವಾಗಿ ಅಲ್ಲಗಳೆದರು. ಸಂತಾನಕ್ಕೆ ಕಾರಣವಾಗುವ ಕೋಶಗಳ ಹಾದಿಯೇ ಬೇರೆ, ದೇಹ ದುಡಿದು ಕಲಿತದ್ದು ಅಲ್ಲಿಗೆ ಹೋಗಿ ಸೇರುವುದಿಲ್ಲ ಎಂದು ಅವರು ವಾದಿಸಿದರು. ಹಿಸ್ಟೋನ್‌ಗಳ ಮೇಲೆ ಬೀಳುವ ರಾಸಾಯನಿಕ ಗುರುತುಗಳ ವಿಷಯ ತಿಳಿದ ಮೇಲೆ ಆ ಹಳೆಯ ನಂಬಿಕೆಗೆ ಮತ್ತೆ ಜೀವ ಕೊಡಲು ಕೆಲವರು ಹೊರಟದ್ದುಂಟು. ಆದರೆ ಮನುಷ್ಯನ ವೀರ್ಯಾಣು ಪಕ್ವವಾಗುವಾಗ ಹಿಸ್ಟೋನ್‌ಗಳಲ್ಲಿ ಬಹುಪಾಲು ಹೊರಬಿದ್ದು ಆ ಜಾಗಕ್ಕೆ ಪ್ರೋಟಮೀನ್ ಬರುತ್ತದೆ. ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಉಳಿದ ಗುರುತುಗಳಲ್ಲೂ ಹೆಚ್ಚಿನವು ಅಳಿಸಿಹೋಗುತ್ತವೆ. ಪಾಣಿನಿಯ ಸೂತ್ರಗಳನ್ನು ಕಂಠಪಾಠ ಮಾಡಿದವರ ಮಗುವೂ ಒಂದು ವರ್ಣಮಾಲೆಯನ್ನು ಹೊತ್ತು ಹುಟ್ಟುವುದಿಲ್ಲ. ಹತ್ತು ತಲೆಮಾರು ಪಂಡಿತರಾದ ಮನೆಯಲ್ಲೂ ಹನ್ನೊಂದನೆಯ ಮಗು ಅ ಆ ಇ ಈ ಎಂದೇ ತೊಡಗಬೇಕು.

ಆದ್ದರಿಂದ ಋಷಿಋಣ ತನ್ನಷ್ಟಕ್ಕೆ ತೀರುವ ಸಾಲವಲ್ಲ. ಒಬ್ಬರು ಕೂತು ಇನ್ನೊಬ್ಬರಿಗೆ ಹೇಳಿಕೊಟ್ಟರೆ ಮಾತ್ರ ಅದು ಮುಂದೆ ಹೋಗುತ್ತದೆ. ಹೇಳಿಕೊಡುವುದಿಲ್ಲ ಎಂದು ಒಬ್ಬರು ತೀರ್ಮಾನಿಸಿದರೆ ಅಲ್ಲಿಗೇ ನಿಲ್ಲುತ್ತದೆ.

ಅಂಥ ತೀರ್ಮಾನದ ಸುಳಿವು ಆ ಹಳೆಯ ಗ್ರಂಥದಲ್ಲೇ ಇದೆ. ತೈತ್ತಿರೀಯ ಸಂಹಿತೆ ಮೂರು ಋಣಗಳ ಮಾತೆತ್ತುವುದು ಹುಟ್ಟುವ ಬ್ರಾಹ್ಮಣನನ್ನು ಕುರಿತು. ಶತಪಥ ಬ್ರಾಹ್ಮಣದ ದನಿ ಬೇರೆ. ಇರುವವರೆಲ್ಲ ಋಣಿಗಳಾಗಿಯೇ ಹುಟ್ಟುತ್ತಾರೆ ಎಂದು ಅದು ಹೇಳುತ್ತದೆ. ಜೊತೆಗೆ ನಾಲ್ಕನೆಯ ಸಾಲವೊಂದನ್ನೂ ಸೇರಿಸುತ್ತದೆ, ಸಹಮನುಷ್ಯರ ಋಣ. ಅನ್ನ ಕೊಟ್ಟು, ಇರಲು ಜಾಗ ಕೊಟ್ಟು ಅದನ್ನು ತೀರಿಸಬೇಕು. ಎರಡು ಪಠ್ಯಗಳ ನಡುವಿನ ಈ ಅಂತರ ಸಣ್ಣದಲ್ಲ. ಮುಂದೆ ಬಂದ ಧರ್ಮಶಾಸ್ತ್ರಗಳು ಶೂದ್ರರನ್ನೂ ಹೆಂಗಸರನ್ನೂ ವೇದಾಧ್ಯಯನದಿಂದ ಹೊರಗಿಟ್ಟವು. ಸಮಾಜ ನಡೆದದ್ದು ಕಿರಿದಾದ ದಾರಿಯಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನಂಥ ದುಡಿಯುವ ಹೆಂಗಸರು ತಮ್ಮ ಅರಿವನ್ನು ಕನ್ನಡದಲ್ಲೇ ಹೇಳಿ ಆ ಕಟ್ಟನ್ನು ಒಡೆದದ್ದುಂಟು. ಆದರೂ ಸ್ವತಂತ್ರ ಭಾರತದ ಮೊದಲ ಜನಗಣತಿ ನಡೆದ 1951ರಲ್ಲಿ ದೇಶದ ಸಾಕ್ಷರತೆ ಶೇಕಡಾ 18ರಷ್ಟಿತ್ತು. ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ ಒಂಬತ್ತು ಮಂದಿ. ಆ ಅಂಕಿ ಹುಟ್ಟಿನಿಂದ ಬಂದದ್ದಲ್ಲ. ವಸಾಹತು ಆಡಳಿತವೂ ಜಾತಿಯೂ ಬಡತನವೂ ಸೇರಿ ಬೆಳೆಸಿದ ಬಾಕಿ ಅದು.

ಶಾಲೆಯ ಗಂಟೆ, ಪರೀಕ್ಷೆ, ಪ್ರಮಾಣಪತ್ರಗಳ ಆಚೆ ಈ ಬಾಕಿಯನ್ನು ತೀರಿಸಲು ಹೊರಟವರ ಕಥೆಯೇ ಅನೌಪಚಾರಿಕ ಶಿಕ್ಷಣದ ಕಥೆ. ಹೆಸರು ಪ್ರಚಾರಕ್ಕೆ ಬಂದದ್ದು ಈಚೆಗೆ. 1968ರಲ್ಲಿ ಫಿಲಿಪ್ ಕೂಂಬ್ಸ್ ಜಗತ್ತಿನ ಶಿಕ್ಷಣದ ಬಿಕ್ಕಟ್ಟಿನ ಬಗ್ಗೆ ಪುಸ್ತಕ ಬರೆದರು. 1974ರಲ್ಲಿ ಮಂಜೂರ್ ಅಹ್ಮದ್ ಜೊತೆ ಸೇರಿ, ಶಾಲೆಯ ಹೊರಗೆ ವ್ಯವಸ್ಥಿತವಾಗಿ ನಡೆಯುವ ಕಲಿಕೆ ಹಳ್ಳಿಯ ಬಡತನದ ವಿರುದ್ಧ ಏನು ಮಾಡಬಲ್ಲದು ಎಂದು ಪರಿಶೀಲಿಸಿದರು. ಕೆಲಸ ಮಾತ್ರ ಹೆಸರಿಗಿಂತ ಹಳೆಯದು. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1855ರಲ್ಲಿ ರೈತರಿಗೂ ಕೂಲಿಕಾರರಿಗೂ ರಾತ್ರಿ ಶಾಲೆ ತೊಡಗಿದರು. ಹಗಲು ದುಡಿಯುವವರಿಗೆ ಬಿಡುವಿದ್ದದ್ದು ರಾತ್ರಿ ಮಾತ್ರ.

ಧರ್ಮದ ಒಳಗಿನಿಂದಲೂ ಈ ಕೆಲಸಕ್ಕೆ ಕೈ ಹಾಕಿದವರಿದ್ದಾರೆ. ಕೊಲಂಬಿಯಾದ ಬೆಟ್ಟದೂರು ಸುತಾತೆನ್ಸಾದಲ್ಲಿ ಹೊಸೆ ಹೊಅಕಿನ್ ಸಾಲ್ಸೆದೊ ಎಂಬ ಯುವ ಪಾದ್ರಿ 1947ರಲ್ಲಿ ಸಣ್ಣದೊಂದು ರೇಡಿಯೋ ಪ್ರಸಾರ ತೊಡಗಿಸಿದರು. ರೈತರ ಮನೆಗಳಲ್ಲಿ ರೇಡಿಯೋ ಸುತ್ತ ನೆರೆಹೊರೆಯವರು ಕೂತು ಓದು, ಲೆಕ್ಕ, ಬೇಸಾಯ, ಆರೋಗ್ಯ ಕಲಿತರು. ಅದು ಲ್ಯಾಟಿನ್ ಅಮೆರಿಕದ ಹಲವು ದೇಶಗಳ ರೇಡಿಯೋ ಶಾಲೆಗಳಿಗೆ ಮಾದರಿಯಾಯಿತು. ಶ್ರೀಲಂಕಾದಲ್ಲಿ ಕೊಲಂಬೊದ ನಾಲಂದಾ ಕಾಲೇಜಿನ ಮೇಷ್ಟ್ರು ಎ. ಟಿ. ಅರಿಯರತ್ನ 1958ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಕನತೊಲುವ ಎಂಬ ಊರಿಗೆ ಕರೆದೊಯ್ದರು. ಅಲ್ಲಿದ್ದವರು ಸಮಾಜ ದೂರವಿಟ್ಟ ರೋಡಿಯಾ ಸಮುದಾಯದವರು. ಒಟ್ಟಿಗೆ ಮೈಮುರಿದು ದುಡಿದ ಆ ಶ್ರಮದಾನ ಸರ್ವೋದಯ ಚಳವಳಿಯಾಗಿ ಬೆಳೆಯಿತು. ಬೌದ್ಧ ಧರ್ಮದ ಮೈತ್ರಿ, ಕರುಣೆಗಳು ಅದರ ದಿನಬಳಕೆಯ ಮಾತಾದವು.

ಅಕ್ಷರವೇ ಅಪಾಯಕಾರಿ ಎನಿಸಿದ ಕಡೆಯೂ ಒಂದಿದೆ. ಬ್ರೆಜಿಲ್‌ನ ಈಶಾನ್ಯದ ಅಂಗಿಕೋಸ್ ಊರಿನಲ್ಲಿ 1963ರಲ್ಲಿ ಪಾವ್ಲೊ ಫ್ರೆಯರೆ ಮತ್ತು ಅವರ ತಂಡ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ನಿಂತರು. ಮಕ್ಕಳ ಬಾಲಬೋಧೆಯನ್ನು ಅವರು ತರಲಿಲ್ಲ. ಕಲಿಯುವವರ ಮನೆ, ಹೊಲ, ದುಡಿಮೆಯಲ್ಲಿ ಬಳಕೆಯಲ್ಲಿದ್ದ ಮಾತುಗಳನ್ನೇ ಕಲೆಹಾಕಿ, ಮೊದಲು ಅವುಗಳ ಬಗ್ಗೆ ಚರ್ಚಿಸಿ, ಆಮೇಲೆ ಬಿಡಿಸಿ ಓದಿಸಿದರು. ಆಗಿನ ಬ್ರೆಜಿಲ್‌ನಲ್ಲಿ ಓದು ಬಾರದವರಿಗೆ ಮತದಾನದ ಹಕ್ಕಿರಲಿಲ್ಲ. ಆದ್ದರಿಂದ ಅಕ್ಷರ ಕಲಿತ ಪ್ರತಿ ಕೂಲಿಯೂ ಹೊಸ ಮತದಾರ. ಮರುವರ್ಷ ಸೇನೆ ಅಧಿಕಾರ ಹಿಡಿಯಿತು. ಫ್ರೆಯರೆ ಜೈಲು ಸೇರಿದರು, ಬಳಿಕ ದೇಶ ಬಿಟ್ಟರು. ಓದು ಬಾರದ ಬ್ರೆಜಿಲಿಗರಿಗೆ ಮತ ಹಾಕುವ ಹಕ್ಕು ಮರಳಿದ್ದು 1985ರಲ್ಲಿ. ಕ್ರೈಸ್ತ ಶ್ರದ್ಧೆಯಲ್ಲಿ ಬೆಳೆದ ಫ್ರೆಯರೆ ಮುಂದೆ ಜಿನೀವಾದ ಚರ್ಚುಗಳ ವಿಶ್ವಮಂಡಳಿಯಲ್ಲಿ ಕೆಲಸ ಮಾಡುತ್ತ ಆಫ್ರಿಕಾದ ಹೊಸ ದೇಶಗಳಿಗೂ ತಮ್ಮ ಅನುಭವ ಹಂಚಿದರು.

ಬಾಂಗ್ಲಾದೇಶದಲ್ಲಿ 1985ರಲ್ಲಿ ಬ್ರ್ಯಾಕ್ ಸಂಸ್ಥೆ 22 ಶಾಲೆಗಳೊಂದಿಗೆ ತೊಡಗಿತು. ಒಂದೇ ಕೋಣೆ, ಸುಮಾರು 30 ಮಕ್ಕಳು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಪಾಠ ಹೇಳುವವಳು ಅದೇ ಊರಿನ ಹೆಂಗಸು. ಪಾಠದ ಹೊತ್ತನ್ನು ಊರಿನ ಕೆಲಸಕಾರ್ಯ ನೋಡಿ ಗೊತ್ತುಮಾಡುತ್ತಿದ್ದರು. ಆ 22 ಮುಂದೆ ಹತ್ತಾರು ಸಾವಿರವಾದವು. ಕರ್ನಾಟಕದ ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಇನ್ನೊಂದು ಬಗೆಯ ಫಲ ಕೊಟ್ಟಿತು. ವಯಸ್ಕರ ಪಾಠಪುಸ್ತಕದಲ್ಲಿ ಗಂಡನ ಕುಡಿತದಿಂದ ನೊಂದ ಸೀತಮ್ಮನ ಕಥೆಯಿತ್ತು. ದೂಬಗುಂಟದ ಹೆಂಗಸರು ಅದರಲ್ಲಿ ತಮ್ಮದೇ ಬಾಳನ್ನು ಓದಿಕೊಂಡರು, ಒಟ್ಟಾಗಿ ಹೋಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅವರ ಗೆಲುವೇ ಇನ್ನೊಂದು ಪಾಠವಾಗಿ ಬೇರೆ ಹಳ್ಳಿಗಳಿಗೆ ಹೋಯಿತು. 1993ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಬೇಕಾಯಿತು.

ಕರ್ನಾಟಕದ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಸುಮಾರು ಅದೇ ಹೊತ್ತಿಗೆ ಮಹಿಳಾ ಸಮಖ್ಯಾ ತೊಡಗಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಕಾರ್ಯಕ್ರಮ ಹಳ್ಳಿಯ ಬಡ ಹೆಂಗಸರ ಮುಂದೆ ಸ್ಲೇಟು ಬಳಪ ಇಟ್ಟು ಶುರುವಾಗಲಿಲ್ಲ. ಮೊದಲು ಸಂಘ ಕಟ್ಟಿತು, ಅವರ ಪ್ರಶ್ನೆಗಳನ್ನು ಕೇಳಿತು. ನೀರು, ಕೂಲಿ, ಹೊಡೆತ, ಪಂಚಾಯಿತಿ ಎಲ್ಲವೂ ಮಾತಿಗೆ ಬಂದವು. ಅಕ್ಷರ ಬೇಕು ಎಂಬ ಬೇಡಿಕೆ ಅವರ ಬಾಯಿಂದಲೇ ಬರಲಿ ಎಂದು ಕಾಯಿತು. ಋಷಿಋಣ ತೀರಿಸಲು ಹೊರಟವರು ಕಲಿಯುವವರ ಮಾನಕ್ಕೆ ಕುಂದು ಬಾರದಂತೆ ನಡೆಯಬೇಕೆಂಬ ಎಚ್ಚರ ಇದರಲ್ಲಿದೆ.

ಇದರ ವಿರುದ್ಧ ಏಳುವ ಆಕ್ಷೇಪವನ್ನು ತಳ್ಳಿಹಾಕಲಾಗದು. ಅನೌಪಚಾರಿಕ ಶಿಕ್ಷಣ ಬಡವರಿಗೆ ಕೊಡುವ ಎರಡನೆಯ ದರ್ಜೆಯ ಶಿಕ್ಷಣವಾಗಿಬಿಡುವ ಅಪಾಯ ಸದಾ ಇದೆ. ಭಾರತದಲ್ಲಿ 1979ರ ಸುಮಾರಿಗೆ ತೊಡಗಿದ ಸರ್ಕಾರಿ ಅನೌಪಚಾರಿಕ ಶಿಕ್ಷಣ ಯೋಜನೆ, ಶಾಲೆಗೆ ಬಾರದ 6ರಿಂದ 14 ವರ್ಷದ ಮಕ್ಕಳಿಗೆ ದಿನಕ್ಕೆ ಒಂದೆರಡು ಗಂಟೆ ಪಾಠದ ಏರ್ಪಾಡು ಮಾಡಿತ್ತು. ಹಗಲೆಲ್ಲ ದುಡಿದ ಮಗು ಸಂಜೆ ಕಂದೀಲಿನ ಮುಂದೆ ತೂಕಡಿಸುತ್ತ ಕೂರುವುದನ್ನು ಶಿಕ್ಷಣ ಎನ್ನಬಹುದೇ? ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ. ವಿ. ಫೌಂಡೇಶನ್ ಕಟ್ಟಿದ ಶಾಂತಾ ಸಿನ್ಹಾ ಇದಕ್ಕೆ ಇಲ್ಲ ಎಂದೇ ಉತ್ತರ ಕೊಟ್ಟರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ, ಅದರ ಜಾಗ ಹಗಲಿನ ಪೂರ್ಣ ಶಾಲೆ ಎಂಬುದು ಅವರ ನಿಲುವು. ಶಿಬಿರಗಳಲ್ಲಿ ಮಕ್ಕಳನ್ನು ಸಜ್ಜುಗೊಳಿಸಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದರು. 2003ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಆಕ್ಷೇಪ ಋಣದ ವಿಚಾರವನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಮಗುವಿಗೆ ಸಲ್ಲಬೇಕಾದದ್ದು ಇಡೀ ಶಾಲೆ. ಆ ಕಾಲ ಕಳೆದುಹೋದ ವಯಸ್ಕರಿಗೆ ಸಲ್ಲಬೇಕಾದದ್ದು ಅವರ ಹೊತ್ತಿಗೆ, ಅವರ ಮಾತಿಗೆ, ಅವರ ಬದುಕಿಗೆ ಒಗ್ಗುವ ಕಲಿಕೆ. ಒಂದನ್ನು ತೋರಿಸಿ ಇನ್ನೊಂದನ್ನು ತಪ್ಪಿಸುವುದು ಸಾಲ ಮುಳುಗಿಸುವ ದಾರಿ.

ಕಾಲ ಕಳೆದ ಮೇಲೆ ಕಲಿತು ಏನು ಫಲ ಎಂದು ಕೇಳುವವರು ಇಂದಿಗೂ ಇದ್ದಾರೆ. ಅದಕ್ಕೆ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಸ್ಟಾನಿಸ್ಲಾಸ್ ಡೆಹಾನ್ ಮತ್ತು ಸಂಗಡಿಗರು ಬ್ರೆಜಿಲ್, ಪೋರ್ಚುಗಲ್‌ಗಳ 63 ವಯಸ್ಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕೆಲವರು ಎಂದೂ ಓದು ಕಲಿಯದವರು, ಕೆಲವರು ಬಾಲ್ಯದಲ್ಲಿ ಕಲಿತವರು, ಇನ್ನು ಕೆಲವರು ದೊಡ್ಡವರಾದ ಮೇಲೆ ಕಲಿತವರು. ಓದು ಬಲ್ಲವರ ಮಿದುಳಿನಲ್ಲಿ ದೃಷ್ಟಿಯ ಭಾಗವೂ ಮಾತಿನ ಧ್ವನಿಯನ್ನು ಹಿಡಿಯುವ ಭಾಗವೂ ಬೇರೆ ರೀತಿಯಲ್ಲಿ ಸ್ಪಂದಿಸುತ್ತಿದ್ದವು. ಆ ಬದಲಾವಣೆಗಳಲ್ಲಿ ಬಹುಪಾಲು ದೊಡ್ಡವರಾದ ಮೇಲೆ ಕಲಿತವರಲ್ಲೂ ಕಂಡವು.

ಇಲ್ಲಿ ಹಿಸ್ಟೋನ್ ಮತ್ತೆ ಬರುತ್ತದೆ. ಹಿಸ್ಟೋನಿನ ಹೊರಚಾಚಿದ ಬಾಲಕ್ಕೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಆ ಜಾಗದ ಡಿಎನ್‌ಎ ಸಡಿಲಗೊಂಡು ಅಲ್ಲಿನ ಜೀನ್‌ಗಳು ಕೆಲಸಕ್ಕೆ ತೊಡಗಲು ಅನುವಾಗುತ್ತದೆ. 1964ರಲ್ಲೇ ವಿನ್ಸೆಂಟ್ ಆಲ್‌ಫ್ರೀ ಇದನ್ನು ಊಹಿಸಿದ್ದರು, 1996ರಲ್ಲಿ ಡೇವಿಡ್ ಆಲಿಸ್ ಅವರ ತಂಡ ಗುರುತಿಸಿದ ಕಿಣ್ವ ಅದನ್ನು ಗಟ್ಟಿಮಾಡಿತು. ಇಲಿಗಳಲ್ಲಿ ನಡೆದ ಪ್ರಯೋಗಗಳು ಹೊಸದೊಂದನ್ನು ಕಲಿತು ನೆನಪಿಡುವಾಗ ನೆನಪಿನ ನರಕೋಶಗಳ ಹಿಸ್ಟೋನ್‌ಗಳಲ್ಲಿ ಈ ಗುರುತು ಹೆಚ್ಚುವುದನ್ನು ತೋರಿಸಿವೆ. ನೂರು ಕೋಟಿ ವರ್ಷ ಹೆಚ್ಚುಕಡಿಮೆ ಬದಲಾಗದ ಅದೇ ಪ್ರೋಟೀನು ಇವತ್ತಿನ ಕಲಿಕೆಗೆ ಜಾಗ ಬಿಡುತ್ತದೆ. ಸ್ಥಿರವಾದದ್ದು ಮತ್ತು ಚಲಿಸುವುದು ಎಂದು ತತ್ತ್ವಶಾಸ್ತ್ರ ಬೇರೆಬೇರೆ ಇಟ್ಟು ವಾದಿಸಿದ ಎರಡೂ ಇಲ್ಲಿ ಒಂದೇ ಅಣುವಿನಲ್ಲಿ ಕೂಡಿಕೊಂಡಿವೆ.

ಹಾಗೆಂದು ಸಮಾನತೆಯ ಪಾಠವನ್ನು ಹಿಸ್ಟೋನಿನಿಂದ ಕಲಿಯಲು ಹೊರಟರೆ ತಪ್ಪಾದೀತು. ಇರುವುದರಿಂದ ಇರಬೇಕಾದದ್ದು ತಾನಾಗಿ ಹೊರಡುವುದಿಲ್ಲ. ನಾಳೆ ಇಬ್ಬರು ಮನುಷ್ಯರ ಎಚ್4 ಬೇರೆಬೇರೆ ಎಂದು ಗೊತ್ತಾದರೂ ಇಬ್ಬರಿಗೂ ಅಕ್ಷರದ ಹಕ್ಕು ಹಾಗೇ ಇರುತ್ತದೆ. ವಿಜ್ಞಾನ ಮಾಡಿರುವುದು ಇನ್ನೊಂದು ಕೆಲಸ. ಕೆಲವರು ಕಲಿಯಲು ಹುಟ್ಟಿದವರು, ಉಳಿದವರು ದುಡಿಯಲು ಹುಟ್ಟಿದವರು ಎಂಬ ವಾದಕ್ಕೆ ಹುಟ್ಟಿನ ಕಡೆಯಿಂದ ಸಿಗುತ್ತಿದ್ದ ಆಸರೆಯನ್ನು ಅದು ತೆಗೆದುಹಾಕಿದೆ. ವಿದ್ಯೆ ರಕ್ತದಲ್ಲಿ ಬರುವುದಾಗಿದ್ದರೆ ಅದು ಸಿಗದವರ ಪಾಡಿಗೆ ಯಾರೂ ಹೊಣೆಯಲ್ಲ ಎನ್ನಬಹುದಿತ್ತು. ಅದು ಕೈಯಿಂದ ಕೈಗೆ ಬರುವುದರಿಂದ, ತಲುಪದೆ ಹೋದಾಗ ಎಲ್ಲೋ ಒಂದು ಕೈ ಹಿಂದೆ ಸರಿದಿದೆ ಎಂದೇ ಅರ್ಥ.

ಯುನೆಸ್ಕೋ ಲೆಕ್ಕದಲ್ಲಿ ಜಗತ್ತಿನಲ್ಲಿ ಇಂದಿಗೂ ಸುಮಾರು 75 ಕೋಟಿ ವಯಸ್ಕರಿಗೆ ಓದು ಬರಹ ಬಾರದು. ಅವರಲ್ಲಿ ಮೂರನೇ ಎರಡರಷ್ಟು ಹೆಂಗಸರು. ಭಾರತ ಸರ್ಕಾರದ 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ 15 ವರ್ಷ ದಾಟಿದ ಐದು ಕೋಟಿ ಜನರನ್ನು ತಲುಪುವ ಗುರಿ ಇಟ್ಟುಕೊಂಡಿದೆ, ಅದಕ್ಕೆ ಸಂಬಳದ ಮೇಷ್ಟ್ರುಗಳಿಗಿಂತ ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ. ಈ ನೆಚ್ಚಿಕೆಯಲ್ಲಿ ಸರ್ಕಾರ ತನ್ನ ಪಾಲಿನ ಹಣದ ಹೊಣೆಯಿಂದ ನುಣುಚಿಕೊಳ್ಳಬಾರದು. ಹಾಗೆಯೇ ಓದು ಬಲ್ಲವರು ಇದು ಸರ್ಕಾರದ ಕೆಲಸವೆಂದು ಸುಮ್ಮನೆ ಕೂರಲೂ ಬಾರದು. ಶತಪಥ ಬ್ರಾಹ್ಮಣ ಎಣಿಸಿದ ನಾಲ್ಕನೆಯ ಸಾಲದಲ್ಲಿ ಅನ್ನವಿದೆ, ಆಸರೆಯಿದೆ. ಪಡಿತರ ಚೀಟಿ, ಬಸ್ಸಿನ ಬೋರ್ಡು, ಬ್ಯಾಂಕಿನ ಪಾಸ್‌ಪುಸ್ತಕ, ಔಷಧದ ಪೊಟ್ಟಣ ಎಲ್ಲವೂ ಓದು ಕೇಳುವ ಈ ಕಾಲದಲ್ಲಿ ಆ ಪಟ್ಟಿಗೆ ಅಕ್ಷರವನ್ನೂ ಸೇರಿಸಬೇಕು. ಮನೆಗೆಲಸಕ್ಕೆ ಬರುವಾಕೆ, ಕಟ್ಟಡ ಕಟ್ಟುವ ಮೇಸ್ತ್ರಿ, ಕಾವಲು ಕಾಯುವ ಅಜ್ಜ, ಇವರಲ್ಲಿ ಯಾರಿಗೆ ಓದು ಬೇಕಾಗಿದೆ ಎಂದು ಮರ್ಯಾದೆಯಿಂದ ವಿಚಾರಿಸಿ, ಅವರ ಬಿಡುವು ನೋಡಿ ಜೊತೆಗೆ ಕೂರುವುದು ಇದನ್ನು ಓದಬಲ್ಲ ಪ್ರತಿಯೊಬ್ಬರ ಕೈಯಲ್ಲೂ ಆಗುವ ಕೆಲಸ.